ಮೂರು ನಿಮಿಷದ ಪ್ಲೇಟು

ಕವಿಗೋಷ್ಠಿ ಮುಗಿದ ಮೇಲೆ ನಾವು ಪದೇಪದೇ ಕೇಳುವ ಮಾತೊಂದಿದೆ. ಯಾರೋ ಹಿರಿಯರು, ಒಳ್ಳೆಯ ಮನಸ್ಸಿನಿಂದಲೇ, ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾರೆ: 'ನಿಮ್ಮ ಪದ್ಯಕ್ಕೆ ಈ ಕಸುವು ಬಂದಿರೋದೇ ನಿಮ್ಮ ಕಷ್ಟದಿಂದ ಕಣ್ರೀ. ಹೊಟ್ಟೆ ತುಂಬಿದವನಿಗೆ ಇದು ಬರೋಲ್ಲ.' ಹೊಗಳಿದರು ಅಂತ ನಾವೂ ತಲೆಯಾಡಿಸಿ ಬರುತ್ತೇವೆ. ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಆ ಮಾತು ಮುಳ್ಳಿನ ಹಾಗೆ ಚುಚ್ಚತೊಡಗುತ್ತದೆ. ಹಾಗಾದರೆ ನಮ್ಮ ಕಷ್ಟ ಹೀಗೇ ಇರಬೇಕೇ? ಕನ್ನಡ ಕಾವ್ಯ ಚೆನ್ನಾಗಿ ಬೆಳೆಯಲಿ ಅಂತ ನಮ್ಮ ಮಕ್ಕಳು ಉಪವಾಸ ಮಲಗಬೇಕೇ?

ಈ ಮಾತಿಗೆ ಬರೀ ಸಿಟ್ಟಿನಿಂದ ಉತ್ತರ ಕೊಟ್ಟರೆ ಸಾಲದು. ಯಾಕೆಂದರೆ ಅದರೊಳಗೆ ಅರ್ಧ ಸತ್ಯವಿದೆ. ಕಟ್ಟು, ಮಿತಿ, ಹೊತ್ತಿನ ಅಭಾವ, ಇವು ಕಲೆಯನ್ನು ಹರಿತ ಮಾಡುತ್ತವೆ ಎನ್ನುವುದು ನಿಜ. ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಕೂತು ಹೇಳಿದ ಪದಗಳನ್ನೇ ನೋಡಿ. ಮೂರು ಸಾಲು, ಕಲ್ಲು ಸುತ್ತುವ ಲಯ, ಮೊರದ ಕಾಳು ಮುಗಿಯುವವರೆಗೆ ಹಾಡು. ಉಸಿರು ಕಲ್ಲಿಗೂ ಬೇಕು, ಪದಕ್ಕೂ ಬೇಕು. ಹಾಗಾಗಿ ಒಂದು ಮಾತೂ ದಂಡವಾಗುವಂತಿಲ್ಲ.

ಆದರೆ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಮಿತಿ ಅಂದರೆ ಯಾವ ಮಿತಿ? ಅದನ್ನು ಹಾಕಿದವರು ಯಾರು? ಅದರೊಳಗೆ ದುಡಿದವರು ಯಾರು? ದುಡಿದದ್ದರ ಫಲ ಯಾರ ಮನೆ ಸೇರಿತು? ಇದನ್ನು ಬಿಡಿಸಿ ನೋಡಲು ನಾವಿಲ್ಲಿ ಒಂದು ಸಣ್ಣ ವಸ್ತುವಿನ ಚರಿತ್ರೆಯನ್ನು ಎತ್ತಿಕೊಂಡಿದ್ದೇವೆ. ಹಳೆಯ ಗ್ರಾಮಫೋನ್ ಪ್ಲೇಟು. ಒಂದು ಬದಿಗೆ ಮೂರು ನಿಮಿಷ ಹಾಡಿ ನಿಂತುಬಿಡುತ್ತಿದ್ದ ಆ ಕರಿ ತಟ್ಟೆ.

1

ಎಮಿಲ್ ಬರ್ಲಿನರ್ ಎಂಬಾತ 1887ರಲ್ಲಿ ಅಮೆರಿಕದಲ್ಲಿ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಹಕ್ಕುಪತ್ರ ಪಡೆದ. ಮುಂದೆ ಈ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವುದು ಎಲ್ಲೆಡೆ ರೂಢಿಯಾಯಿತು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಅಥವಾ ಅದಕ್ಕಿಂತ ತುಸು ಹೆಚ್ಚು. ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು, ನಾಲ್ಕೂವರೆ. ಈ ಮೂರು ನಿಮಿಷವನ್ನು ಯಾವ ಶಾಸ್ತ್ರವೂ ಹೇಳಿರಲಿಲ್ಲ, ಯಾವ ರಸಿಕನೂ ಕೇಳಿರಲಿಲ್ಲ. ತಟ್ಟೆಯ ಅಗಲ, ಗೆರೆಯ ದಪ್ಪ, ತಿರುಗುವ ವೇಗ, ಈ ಮೂರರ ಲೆಕ್ಕದಿಂದ ಬಂದದ್ದು ಅದು.

1925ರವರೆಗೆ ರೆಕಾರ್ಡು ಮಾಡುವಾಗ ಮೈಕೂ ಇರಲಿಲ್ಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಸದ್ದಿನ ಒತ್ತಡಕ್ಕೆ ಅತ್ತ ಕಡೆ ಒಂದು ಸೂಜಿ ನಡುಗುತ್ತ ಮೇಣದ ಮೇಲೆ ಗೆರೆ ಕೊರೆಯುತ್ತದೆ. ನಡುವೆ ಕೆಮ್ಮಿದರೆ, ಸಾಲು ಮರೆತರೆ, ಆ ಮೇಣ ಹಾಳು, ಮೊದಲಿಂದ ಹಾಡಬೇಕು. ತಪ್ಪಿದ ಸಾಲನ್ನು ಮಾತ್ರ ತಿದ್ದಿಕೊಳ್ಳುವ ಉಪಾಯ ಇರಲಿಲ್ಲ.

ಈ ಯಂತ್ರವನ್ನು ಹೊತ್ತುಕೊಂಡು ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತಕ್ಕೆ ಬಂದ. ದೊಡ್ಡ ದೊಡ್ಡ ಉಸ್ತಾದರಲ್ಲಿ ಅನೇಕರು ದೂರ ನಿಂತರು. ರಾತ್ರಿಯಿಡೀ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸುವುದೇ? ತಮ್ಮ ಹಾಡು ಪಾನ್ ಅಂಗಡಿಯಲ್ಲಿ ಕೇಳಿಸುವುದೇ? ಮರ್ಯಾದೆಯ ಪ್ರಶ್ನೆ. ಆಗ ಕಹಳೆಯ ಮುಂದೆ ಬಂದು ನಿಂತವರು ಮರ್ಯಾದಸ್ಥ ಸಮಾಜ ಹೊರಗಿಟ್ಟಿದ್ದ ಹೆಣ್ಣುಮಕ್ಕಳು. ಉತ್ತರದಲ್ಲಿ ತವಾಯಫರು, ನಾಟಕದ ಕಂಪನಿಯ ನಟಿಯರು. ದಕ್ಷಿಣದಲ್ಲಿ ದೇವದಾಸಿ ಮನೆತನದವರು. ನಮ್ಮ ಬೆಂಗಳೂರು ನಾಗರತ್ನಮ್ಮನೂ ಪ್ಲೇಟು ಕೊಟ್ಟವರಲ್ಲಿ ಒಬ್ಬರು.

ಇವರಲ್ಲಿ ಹೆಸರಾದವಳು ಗೌಹರ್ ಜಾನ್. 1873ರಲ್ಲಿ ಆಜಂಗಢದಲ್ಲಿ ಹುಟ್ಟಿದ ಈಕೆಯ ಮೊದಲ ಹೆಸರು ಏಂಜಲೀನಾ ಯೋವರ್ಡ್. ಅರ್ಮೇನಿಯನ್ ಮೂಲದ ಅಪ್ಪನಿಂದ ಬೇರೆಯಾದ ಮೇಲೆ ತಾಯಿ ಮಗಳು ಇಸ್ಲಾಂ ಮತಕ್ಕೆ ಸೇರಿ, ಬನಾರಸ್ಸಿನಲ್ಲಿದ್ದು, ಕಲ್ಕತ್ತಕ್ಕೆ ಬಂದರು. 1902ರ ನವೆಂಬರಿನಲ್ಲಿ ಗೌಹರ್ ಮೊದಲ ಸಲ ಯಂತ್ರಕ್ಕೆ ಹಾಡಿದಳು. ಅವಳು ಮಾಡಿದ್ದು ಬರೀ ಕತ್ತರಿಸುವ ಕೆಲಸವಲ್ಲ. ಆಲಾಪವನ್ನು ಬೆರಳೆಣಿಕೆಯ ಕ್ಷಣಗಳಿಗೆ ಇಳಿಸಿ, ಪಲ್ಲವಿಯನ್ನು ಬೇಗ ಹಿಡಿದು, ಗತಿಯನ್ನು ಏರಿಸಿ, ಕೊನೆಗೆ ತಾನಿನ ಮಿಂಚು ಹೊಡೆಸಿ ನಿಲ್ಲಿಸುವ ಒಂದು ಕಟ್ಟು ಹುಡುಕಿಕೊಂಡಳು. ಕೇಳುವವನಿಗೆ ರಾಗದ ಮುಖ ಪೂರ್ತಿ ಕಾಣಬೇಕು, ಹೊತ್ತು ಮೀರಬಾರದು. ಮುಂದೆ ಹಲವು ಭಾಷೆಗಳಲ್ಲಿ ಸುಮಾರು 600 ಪ್ಲೇಟು ಕೊಟ್ಟಳೆಂದು ಲೆಕ್ಕ.

ಹಾಡಿನ ಕೊನೆಯಲ್ಲಿ ಅವಳು 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಕೂಗಿ ಹೇಳುತ್ತಿದ್ದಳು. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿತ್ತು; 1908ರಲ್ಲಿ ಕಲ್ಕತ್ತದಲ್ಲಿ ಕಾರ್ಖಾನೆ ಆಗುವ ತನಕ ಪ್ಲೇಟು ಒತ್ತುತ್ತಿದ್ದದ್ದು ಅಲ್ಲೇ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಅಂತ ಹೆಸರು ಹೇಳಿಸುತ್ತಿದ್ದರು. ಕಾರಣ ವ್ಯಾಪಾರದ್ದೇ. ಆದರೆ ಯೋಚಿಸಿ. ಕೂಲಿಗೆ ಹಾಡುವ ಹೆಣ್ಣಿಗೆ ಹೆಸರೇ ಬೇಡ ಎನ್ನುತ್ತಿದ್ದ ಸಮಾಜದ ನಡುವೆ ನಿಂತು ಒಬ್ಬ ಹೆಣ್ಣು ಇದು ನನ್ನದು ಅಂತ ಸಾರಿ ಹೇಳಿದಳು. ಮೂರು ನಿಮಿಷದಲ್ಲಿ ಕೊನೆಯ ಐದು ಕ್ಷಣವನ್ನು ಅವಳು ಅದಕ್ಕೆ ಇಟ್ಟುಕೊಂಡಳು.

ಅವಳ ಕೊನೆ ಆದದ್ದು ನಮ್ಮ ನೆಲದಲ್ಲೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡಳು. ದೇಶಕ್ಕೆಲ್ಲ ದನಿ ಹಂಚಿದವಳು ಕೊನೆಗಾಲದಲ್ಲಿ ಒಬ್ಬಂಟಿಯಾಗಿದ್ದಳು.

2

ಈಗ ಅದೇ ಪ್ಲೇಟು ಅಮೆರಿಕದಲ್ಲಿ ಏನು ಮಾಡಿತು ನೋಡೋಣ. ಅಲ್ಲಿನ ಕಪ್ಪು ಜನರ ಹೋರಾಟದ ಹೆಸರನ್ನೇ ನಮ್ಮವರು ಎತ್ತಿಕೊಂಡರು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದಲೇ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಎದ್ದಿತು. ಆದರೆ ಆ ಜನರ ಘೋಷಣೆಗಿಂತ ಮೊದಲು ಅವರ ಹಾಡು ಇತ್ತು. ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

1865ರಲ್ಲಿ ಅಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದರು. ಜೀತ ಹೋಗಲಿಲ್ಲ. ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವುದು, ಒಡೆಯನ ಅಂಗಡಿಯಲ್ಲೇ ಸಾಲ ತರುವುದು, ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಸಾಲವೇ ಉಳಿಯುವುದು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹೊಲಗಳಲ್ಲಿ ಹುಟ್ಟಿದ ಹಾಡಿನ ಬಗೆಗೆ ಬ್ಲೂಸ್ ಅಂತ ಹೆಸರು. ಅದರ ಸಾಮಾನ್ಯ ಕಟ್ಟು ಸರಳ: ಒಂದು ಸಾಲು ಹೇಳು, ಅದನ್ನೇ ಮತ್ತೆ ಹೇಳು, ಮೂರನೆಯ ಸಾಲಲ್ಲಿ ಅದಕ್ಕೆ ಉತ್ತರ ಕೊಡು. ಶನಿವಾರ ರಾತ್ರಿ ಕುಣಿತದ ಮನೆಗಳಲ್ಲಿ ಒಂದೇ ಹಾಡು ಅರ್ಧ ಗಂಟೆಯೂ ನಡೆಯುತ್ತಿತ್ತು. ಕುಣಿಯುವವರಿಗೆ ದಣಿವಾಗುವವರೆಗೆ ಹಾಡುವವನು ಅಲ್ಲಿಂದೊಂದು ಇಲ್ಲಿಂದೊಂದು ನುಡಿ ಪೋಣಿಸುತ್ತ ಹೋಗುತ್ತಿದ್ದ.

ಕಂಪನಿಗಳು ಮೊದಲು ಈ ಜನರ ಕಡೆ ತಿರುಗಿಯೂ ನೋಡಲಿಲ್ಲ. ಕರಿಯರು ಪ್ಲೇಟು ಕೊಳ್ಳುತ್ತಾರೆಯೇ ಅಂತ ಅವರ ತಾತ್ಸಾರ. ಪೆರಿ ಬ್ರಾಡ್‌ಫರ್ಡ್ ಎಂಬ ಕಪ್ಪು ಹಾಡುಗಾರ ಬಾಗಿಲಿಂದ ಬಾಗಿಲಿಗೆ ಅಲೆದು, ಕೊನೆಗೆ 1920ರ ಆಗಸ್ಟಿನಲ್ಲಿ ಒಕೇ ಕಂಪನಿಯಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಹೆಣ್ಣುಮಗಳಿಂದ ಬ್ಲೂಸ್ ಹಾಡಿಸಿದ. ಪ್ಲೇಟು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಕೂಡಲೇ ಎಲ್ಲ ಕಂಪನಿಗಳಿಗೂ ಕಪ್ಪು ಜನರ ಮೇಲೆ ಪ್ರೀತಿ ಹುಟ್ಟಿತು! ಆದರೆ ಅವರ ಪ್ಲೇಟುಗಳನ್ನು ಬೇರೆ ಪಟ್ಟಿಯಲ್ಲೇ ಇಟ್ಟರು. 'ರೇಸ್ ರೆಕಾರ್ಡ್ಸ್' ಅಂತ ಅದಕ್ಕೆ ಹೆಸರು. ಊರಿಗೊಂದು ಕೇರಿ ಇರುವ ಹಾಗೆ ಕ್ಯಾಟಲಾಗಿಗೂ ಒಂದು ಕೇರಿ.

ಇಲ್ಲಿ ಹಾಡುವವರಿಗೆ ಹೊಸ ಕಷ್ಟ ಎದುರಾಯಿತು. ಅರ್ಧ ಗಂಟೆ ಹರಿಯುತ್ತಿದ್ದ ಹಾಡನ್ನು ಐದಾರು ನುಡಿಗಳಲ್ಲಿ ನಿಲ್ಲಿಸಬೇಕು. ಬಿಡಿಬಿಡಿ ನುಡಿ ಪೋಣಿಸಿದರೆ ಈಗ ನಡೆಯದು. ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಕೊನೆ ಅಂತ ಮೊದಲೇ ಗೊತ್ತಿರಬೇಕು. ಹಾಡು ಒಂದು ಕತೆಯಾಯಿತು. ರಾಬರ್ಟ್ ಜಾನ್ಸನ್ ಎಂಬ ಮಿಸಿಸಿಪ್ಪಿಯ ಗಿಟಾರಿನವನು 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ ಒಟ್ಟು ಐದು ದಿನ ಯಂತ್ರದ ಮುಂದೆ ಕೂತ. ಹಾಡಿದ್ದು 29 ಹಾಡು. 1938ರಲ್ಲಿ 27ನೆಯ ವಯಸ್ಸಿಗೆ ಸತ್ತ. ಆ ಐದು ದಿನದ ಹಾಡುಗಳಿಂದ ಜಗತ್ತಿನ ಎಷ್ಟೋ ಗಿಟಾರಿನವರು ಇಂದಿಗೂ ಪಾಠ ಕಲಿಯುತ್ತಿದ್ದಾರೆ.

3

ಮಿತಿ ಹೇಗೆ ಕಟ್ಟಾಗುತ್ತದೆ ಅನ್ನುವುದಕ್ಕೆ ಚಾರ್ಲಿ ಪ್ಯಾಟನ್ನನ ಹಾಡಿಗಿಂತ ಒಳ್ಳೆಯ ಸಾಕ್ಷಿ ನಮಗೆ ಸಿಕ್ಕಿಲ್ಲ.

1927ರ ಏಪ್ರಿಲ್ 21ರಂದು ಮಿಸಿಸಿಪ್ಪಿ ನದಿಯ ಏರಿ ಗ್ರೀನ್‌ವಿಲ್ ಊರಿನ ಮೇಲುಗಡೆ ಒಡೆಯಿತು. ಆ ವರ್ಷದ ನೆರೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಗ್ರೀನ್‌ವಿಲ್ಲಿನಲ್ಲಿ ಬಿಳಿಯರನ್ನು ದೋಣಿ ಹತ್ತಿಸಿ ಕಳಿಸಿದರು. ಸಾವಿರಾರು ಕಪ್ಪು ಕೂಲಿಗಳನ್ನು ಏರಿಯ ಮೇಲೆಯೇ ತಡೆದು ನಿಲ್ಲಿಸಿದರು. ಒಮ್ಮೆ ಹೋದರೆ ಇವರು ಹೊಲಕ್ಕೆ ತಿರುಗಿ ಬರುವುದಿಲ್ಲ ಅಂತ ಒಡೆಯರಿಗೆ ಭಯ. ಬಂದೂಕು ಹಿಡಿದ ಕಾವಲು, ಕೊರಳಿಗೆ ಚೀಟಿ, ಚೀಟಿ ಇದ್ದವನಿಗೆ ಮಾತ್ರ ರೇಷನ್ನು. ನೀರು ಎಲ್ಲರಿಗೂ ಒಂದೇ ಆಗಿ ಬಂತು, ದೋಣಿ ಮಾತ್ರ ಬಣ್ಣ ನೋಡಿ ಬಂತು.

ಎರಡು ವರ್ಷದ ನಂತರ, 1929ರಲ್ಲಿ, ಪ್ಯಾಟನ್ ಈ ನೆರೆಯ ಮೇಲೆ ಹಾಡಿದ. ಅದನ್ನು ಪ್ಲೇಟು ಮಾಡಿದ ಪ್ಯಾರಮೌಂಟ್ ಸಂಸ್ಥೆಯ ಒಡೆತನ ವಿಸ್ಕಾನ್ಸಿನ್ನಿನ ಒಂದು ಕುರ್ಚಿ ಕಂಪನಿಯದು. ಅವರು ಗ್ರಾಮಫೋನಿನ ಮರದ ಪೆಟ್ಟಿಗೆ ಮಾಡುತ್ತಿದ್ದರು; ಪೆಟ್ಟಿಗೆಯ ಜೊತೆಗೆ ಪ್ಲೇಟೂ ಇದ್ದರೆ ವ್ಯಾಪಾರ ಚೆನ್ನ ಅಂತ ಹಾಡಿಗೆ ಕೈಹಾಕಿದವರು. ಒಂದು ಜನಾಂಗದ ನೋವು ಕುರ್ಚಿ ವ್ಯಾಪಾರದ ಬಾಲ ಹಿಡಿದು ಚರಿತ್ರೆಯೊಳಗೆ ಬಂತು.

ಇಷ್ಟು ದೊಡ್ಡ ನೆರೆ ಮೂರು ನಿಮಿಷದಲ್ಲಿ ಹಿಡಿಯದು. ಪ್ಯಾಟನ್ ಏನು ಮಾಡಿದ? ಹಾಡನ್ನು ಎರಡು ಬದಿಗೆ ಒಡೆದ. ಸುಮ್ಮನೆ ನಡುವೆ ತುಂಡರಿಸಲಿಲ್ಲ. ಮೊದಲ ಬದಿಯಲ್ಲಿ ನದಿಯ ಮಿಸಿಸಿಪ್ಪಿ ದಡದ ಊರುಗಳು. ಪ್ಲೇಟು ತಿರುವಿ ಹಾಕಿದರೆ ಆಚೆ ದಡದ ಅರ್ಕಾನ್ಸಾ ಸೀಮೆ. ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಬೇಕಾದರೆ ಕೇಳುವವನು ತಾನೇ ಎದ್ದು ಪ್ಲೇಟು ತಿರುವಬೇಕು. ಕಂಪನಿಯ ಮಿತಿ ಅವನ ಕೈಯಲ್ಲಿ ನದಿಯಾಯಿತು. ಇದನ್ನೇ ನಾವು ಸೃಷ್ಟಿ ಅನ್ನುವುದು. ಮಿತಿಯನ್ನು ಸಹಿಸಿಕೊಳ್ಳುವುದು ಬೇರೆ, ಅದನ್ನು ಉಪಕರಣ ಮಾಡಿಕೊಳ್ಳುವುದು ಬೇರೆ.

4

ಗೆಳೆಯರೇ, ಇಲ್ಲಿಗೇ ನಿಲ್ಲಿಸಿದರೆ ನಾವೂ ಆ ಹಿರಿಯರ ಮಾತನ್ನೇ ಹೇಳಿದಂತಾಗುತ್ತದೆ. ಲೆಕ್ಕದ ಪುಸ್ತಕವನ್ನೂ ತೆರೆಯಬೇಕು.

ಬೆಸ್ಸಿ ಸ್ಮಿತ್, 1894ರಲ್ಲಿ ಟೆನೆಸ್ಸಿಯ ಚಟ್ಟನೂಗಾದಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ತಬ್ಬಲಿಯಾಗಿ ಬೀದಿಯಲ್ಲಿ ಹಾಡಿ ಬೆಳೆದವಳು. 1923ರಲ್ಲಿ ಕೊಲಂಬಿಯಾ ಕಂಪನಿಗೆ ಅವಳು ಹಾಡಿದ ಮೊದಲ ಪ್ಲೇಟು ಲಕ್ಷಗಟ್ಟಲೆ ಮಾರಿತು. ಆ ಕಂಪನಿಗೆ ಸುಮಾರು 160 ಹಾಡು ಹಾಡಿದಳು. ಒಪ್ಪಂದ ಏನು? 'ಬಳಕೆಗೆ ಬರುವ' ಒಂದೊಂದು ಬದಿಗೆ 125 ಡಾಲರು. ರಾಯಲ್ಟಿ ಇಲ್ಲ. ಪ್ಲೇಟು ನೂರು ಮಾರಲಿ, ಲಕ್ಷ ಮಾರಲಿ, ಅವಳಿಗೆ ಅಷ್ಟೇ. ಬಳಕೆಗೆ ಬರುತ್ತದೋ ಇಲ್ಲವೋ ಅಂತ ಹೇಳುವವನೂ ಕಂಪನಿಯವನೇ. ಬೀಡಿ ಕಟ್ಟುವ ನಮ್ಮ ಅಕ್ಕಂದಿರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಸಾವಿರಕ್ಕೆ ಇಷ್ಟು ಅಂತ ಕೂಲಿ; ಕೆಟ್ಟಿದೆ ಅಂತ ಎತ್ತಿಹಾಕುವ ಅಧಿಕಾರ ಎದುರು ಕೂತವನದು.

ಈಗ ನೋಡಿ. ಮೂರು ನಿಮಿಷ ಒಂದು ಮಿತಿ, 125 ಡಾಲರು ಇನ್ನೊಂದು ಮಿತಿ. ಮೊದಲನೆಯದು ತಟ್ಟೆಯದು. ಅದು ಬಿಳಿಯ ಹಾಡುಗಾರನಿಗೂ ಮೂರೇ ನಿಮಿಷ ಕೊಟ್ಟಿತು. ಎರಡನೆಯದು ಒಡೆಯನದು. ಮೊದಲನೆಯದರಿಂದ ಬೆಸ್ಸಿ ಒಂದು ಶೈಲಿ ಕಟ್ಟಿದಳು: ಒಂದೊಂದು ಪದವನ್ನೂ ತೂಗಿ, ಎಳೆದು, ಎಲ್ಲಿ ಉಸಿರು ಬಿಟ್ಟರೆ ಎದೆಗೆ ತಾಕುತ್ತದೆ ಅಂತ ಅರಿತು ಹಾಡುವ ಶೈಲಿ. ಎರಡನೆಯದರಿಂದ ಏನು ಹುಟ್ಟಿತು? ಯಾವ ರಾಗವೂ ಹುಟ್ಟಲಿಲ್ಲ. ಕಂಪನಿಯ ಲಾಭ ಹುಟ್ಟಿತು.

1937ರ ಸೆಪ್ಟೆಂಬರಿನಲ್ಲಿ ಮಿಸಿಸಿಪ್ಪಿಯ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಬೆಸ್ಸಿ ಸತ್ತಳು. ಬಿಳಿಯರ ಆಸ್ಪತ್ರೆ ಸೇರಿಸಿಕೊಳ್ಳದೆ ಹೊರಗಟ್ಟಿದ್ದರಿಂದ ಸತ್ತಳು ಅಂತ ಬಹುಕಾಲ ಮಾತಿತ್ತು. ಆಮೇಲೆ ವಿಚಾರಿಸಿದವರು ಹಾಗಲ್ಲ ಅಂದಿದ್ದಾರೆ. ಅವಳನ್ನು ನೇರವಾಗಿ ಕಪ್ಪು ಜನರ ಆಸ್ಪತ್ರೆಗೇ ಒಯ್ದಿದ್ದರು. ನಾವು ಸತ್ಯವನ್ನೇ ಹೇಳೋಣ. ಒಂದೇ ಊರಿನಲ್ಲಿ ಆಸ್ಪತ್ರೆ ಎರಡಿದ್ದವು ಎಂಬ ಸತ್ಯವೇ ಸಾಕಷ್ಟು ಹೇಳುತ್ತದೆ. ಅವಳ ಸಮಾಧಿಗೆ 1970ರವರೆಗೆ ಕಲ್ಲು ಇರಲಿಲ್ಲ. ಕೊನೆಗೆ ಕಲ್ಲು ಹಾಕಿಸಿದವರು ಇಬ್ಬರು: ಜಾನಿಸ್ ಜಾಪ್ಲಿನ್ ಎಂಬ ಬಿಳಿಯ ಹಾಡುಗಾರ್ತಿ, ಮತ್ತು ಚಿಕ್ಕವಳಿದ್ದಾಗ ಬೆಸ್ಸಿಯ ಮನೆಯಲ್ಲಿ ನೆಲ ಒರೆಸುತ್ತಿದ್ದ ಹ್ವಾನಿಟಾ ಗ್ರೀನ್.

5

ಹಳ್ಳಿಯಲ್ಲಿ ಪಾಠ ಹೇಳುವ ಗೆಳೆಯರಿಗಾಗಿ ಇನ್ನೊಂದು ಪ್ಲೇಟಿನ ಸಂಗತಿ ಹೇಳಬೇಕು.

1930ರ ಆಗಸ್ಟಿನಲ್ಲಿ ಇಂಡಿಯಾನಾದ ಮೇರಿಯನ್ ಊರಿನಲ್ಲಿ ಥಾಮಸ್ ಶಿಪ್, ಏಬ್ರಮ್ ಸ್ಮಿತ್ ಎಂಬ ಇಬ್ಬರು ಕಪ್ಪು ಯುವಕರನ್ನು ಗುಂಪೊಂದು ಜೈಲಿನಿಂದ ಎಳೆದು ತಂದು ಮರಕ್ಕೆ ನೇತುಹಾಕಿತು. ಅದರ ಫೋಟೋ ತೆಗೆದು ಮಾರಿದರು. ಏಬಲ್ ಮಿರೋಪೋಲ್ ಎಂಬ ನ್ಯೂಯಾರ್ಕಿನ ಹೈಸ್ಕೂಲ್ ಮೇಷ್ಟ್ರು ಅಂಥ ಫೋಟೋ ನೋಡಿ, ದಿನಗಟ್ಟಲೆ ಕಾಡಿಸಿಕೊಂಡು, ಹನ್ನೆರಡು ಸಾಲಿನ ಪದ್ಯ ಬರೆದರು. 1937ರಲ್ಲಿ ಅದು ಅಚ್ಚಾದದ್ದು ಯಾವ ದೊಡ್ಡ ಪತ್ರಿಕೆಯಲ್ಲೂ ಅಲ್ಲ, ಮೇಷ್ಟ್ರುಗಳ ಸಂಘದ ಪತ್ರಿಕೆಯಲ್ಲಿ. ಆಮೇಲೆ ತಾವೇ ರಾಗ ಹಾಕಿದರು. ಸಭೆಗಳಲ್ಲಿ ಹಾಡು ಓಡಾಡಿತು. 'ಸ್ಟ್ರೇಂಜ್ ಫ್ರೂಟ್', ಮರದಲ್ಲಿ ತೂಗುವ ವಿಚಿತ್ರ ಹಣ್ಣು, ಅಂತ ಅದರ ಹೆಸರು.

1939ರಲ್ಲಿ ಬಿಲಿ ಹಾಲಿಡೇ ಅದನ್ನು ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ಹಾಡತೊಡಗಿದಳು. ಕಪ್ಪು ಬಿಳಿ ಜನ ಒಟ್ಟಿಗೆ ಕೂರುತ್ತಿದ್ದ ಜಾಗ ಅದು. ಆ ಹಾಡಿಗೆ ಕಟ್ಟುನಿಟ್ಟು ಇತ್ತು. ರಾತ್ರಿಯ ಕೊನೆಯ ಹಾಡು ಅದೇ. ಹಾಡುವಾಗ ಮಾಣಿಗಳು ತಟ್ಟೆ ಲೋಟ ಸರಬರಾಜು ನಿಲ್ಲಿಸಬೇಕು. ದೀಪವೆಲ್ಲ ಆರಿಸಿ ಅವಳ ಮುಖದ ಮೇಲೊಂದೇ ಬೆಳಕು. ಮುಗಿದ ಮೇಲೆ ಎಷ್ಟೇ ಚಪ್ಪಾಳೆ ಹೊಡೆದರೂ ಅವಳು ತಿರುಗಿ ಬರುವಂತಿಲ್ಲ. ಕೇಳಿದವರು ಆ ಹಾಡಿನ ಭಾರವನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು. ಈ ಕಟ್ಟು ಹಾಡಿಗೆ ಬಲ ಕೊಟ್ಟಿತು.

ಅವಳ ಕಂಪನಿ ಈ ಹಾಡನ್ನು ಮುಟ್ಟಲು ಹೆದರಿತು. ಒಂದು ಸಲದ ಮಟ್ಟಿಗೆ ಬೇರೆ ಕಡೆ ಹಾಡಲು ಬಿಟ್ಟಿತು. ಮಿಲ್ಟ್ ಗೇಬ್ಲರ್ ಎಂಬ ಪ್ಲೇಟು ಅಂಗಡಿಯವನ ಕಮಡೋರ್ ಎಂಬ ಸಣ್ಣ ಸಂಸ್ಥೆ 1939ರ ಏಪ್ರಿಲ್ 20ರಂದು ಅದನ್ನು ರೆಕಾರ್ಡು ಮಾಡಿತು. ಆಗ ಎದುರಾದದ್ದು ತಿರುಗುಮುರುಗಾದ ಕಷ್ಟ. ಹನ್ನೆರಡು ಸಾಲಿನ ಹಾಡು ಮೂರು ನಿಮಿಷಕ್ಕೆ ಸಾಲದು! ಸಾಲು ಸೇರಿಸೋಣವೇ? ಇಲ್ಲ. ಪಿಯಾನೋದ ಸಾನಿ ವೈಟನಿಗೆ ಮೊದಲು ಸ್ವಲ್ಪ ನುಡಿಸಲು ಹೇಳಿದರು. ಪ್ಲೇಟು ಶುರುವಾಗಿ ಸುಮಾರು 70 ಸೆಕೆಂಡು ಆಗುವ ತನಕ ಬಿಲಿಯ ದನಿ ಬರುವುದೇ ಇಲ್ಲ. ಹೆಣ ಹೊತ್ತು ನಡೆಯುವವರ ಹಾಗೆ ವಾದ್ಯ ನಡೆಯುತ್ತದೆ. ಆಮೇಲೆ ಆ ದನಿ. ತುಂಬಿಸಲೇಬೇಕಾದ ಒಂದು ಖಾಲಿ ಜಾಗ ಆ ಹಾಡಿನ ಮೌನವಾಯಿತು.

ಮೇಷ್ಟ್ರಿಗೆ ಏನಾಯಿತು? ಶಾಲೆಗಳಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಮಿತಿಯೊಂದು ಅವರನ್ನು ಕರೆಸಿ, ಈ ಹಾಡು ಬರೆಯಲು ಪಕ್ಷ ದುಡ್ಡು ಕೊಟ್ಟಿತೇ ಅಂತ ಕೇಳಿತು. ಹೊಟ್ಟೆಯುರಿ ಬಿಟ್ಟು ಬೇರೆ ಕಾರಣಕ್ಕೂ ಮನುಷ್ಯ ಬರೆಯಬಲ್ಲ ಅಂತ ಆಳುವವರಿಗೆ ಯಾವತ್ತೂ ನಂಬಿಕೆ ಬಂದಿಲ್ಲ.

6

ಇನ್ನು ಕೊನೆಯ ಪರೀಕ್ಷೆ. ಮಿತಿಯೇ ಕಲೆಯ ತಾಯಿಯಾಗಿದ್ದರೆ, ಮಿತಿ ಹೋದ ದಿನ ಕಲೆಯೂ ಬತ್ತಬೇಕಿತ್ತಲ್ಲ? 1948ರಲ್ಲಿ ಎಲ್‌ಪಿ ಪ್ಲೇಟು ಬಂತು. ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಅದೇ ಕಪ್ಪು ಜನ ಸುಮ್ಮನಾದರೇ? ಜಾನ್ ಕೊಲ್ಟ್ರೇನ್ 1964ರ ಡಿಸೆಂಬರಿನಲ್ಲಿ ಅರ್ಧ ಗಂಟೆಗೂ ಮಿಕ್ಕಿದ 'ಎ ಲವ್ ಸುಪ್ರೀಮ್' ನುಡಿಸಿದ. ಅದಕ್ಕೂ ಮೊದಲೇ, 1943ರ ಜನವರಿಯಲ್ಲಿ, ಮೂರು ನಿಮಿಷದ ಕಟ್ಟಿನಲ್ಲಿ ನಿಪುಣನಾದ ಡ್ಯೂಕ್ ಎಲಿಂಗ್‌ಟನ್ ತನ್ನ ಜನರ ಇಡೀ ಚರಿತ್ರೆಯನ್ನು ಹೇಳುವ 'ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್' ಎಂಬ ಮುಕ್ಕಾಲು ಗಂಟೆಯ ಕೃತಿಯನ್ನು ಕಾರ್ನೆಗಿ ಹಾಲಿನಲ್ಲಿ ನುಡಿಸಿದ್ದ. ಅಂದರೆ ಅವರೊಳಗೆ ಮೂರು ನಿಮಿಷವೂ ಇತ್ತು, ಮುಕ್ಕಾಲು ಗಂಟೆಯೂ ಇತ್ತು. ಸಾಣೆಕಲ್ಲು ಕುಡುಗೋಲನ್ನು ಹರಿತ ಮಾಡುತ್ತದೆ ನಿಜ. ಕುಡುಗೋಲನ್ನು ಹಡೆಯುವುದಿಲ್ಲ.

ನಮ್ಮ ಚಳವಳಿಗೂ ಇದು ಗೊತ್ತಿದ್ದದ್ದೇ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅದರ ಹಾಡುಗಳು ಪುಸ್ತಕಕ್ಕಿಂತ ಬಾಯಿಂದ ಬಾಯಿಗೆ ಹೆಚ್ಚು ನಡೆದವು. ಜಾಥಾದಲ್ಲಿ ಮೈಕಿಲ್ಲ, ಪುಸ್ತಕ ಕೊಳ್ಳುವ ದುಡ್ಡಿಲ್ಲ, ಕೇಳುವವರಲ್ಲಿ ಎಷ್ಟೋ ಜನಕ್ಕೆ ಓದು ಬರುವುದಿಲ್ಲ. ಹಾಗಾಗಿ ಒಂದೇ ಸಲ ಕೇಳಿ ನೆನಪಿಡುವ ಹಾಗೆ ಹಾಡು ಬೇಕಿತ್ತು. ಸಣ್ಣ ಪತ್ರಿಕೆಗಳು ಮೊಳೆ ಜೋಡಿಸಿ ಅಚ್ಚಾಗುತ್ತಿದ್ದ ಕಾಲದಲ್ಲಿ ಒಂದು ಫಾರಮ್ಮಿಗಿಂತ ಹೆಚ್ಚು ಅಚ್ಚು ಹಾಕಿಸಲು ಕಾಸಿರುತ್ತಿರಲಿಲ್ಲ. ಲೇಖನ ಉದ್ದವಾದರೆ ಹೊಡೆದುಹಾಕಲೇಬೇಕು. ಹೊಡೆದ ಮೇಲೆ ಎಷ್ಟೋ ಸಲ ಲೇಖನ ಚೆನ್ನಾಗಿದ್ದದ್ದೂ ಉಂಟು. ಆದರೆ ಕಾಗದದ ಬೆಲೆ ಏರಿದ್ದಕ್ಕೆ ನಾವು ಯಾರಿಗೂ ಕೈಮುಗಿಯಲಿಲ್ಲ.

ಆದ್ದರಿಂದ ವಿದ್ಯಾರ್ಥಿ ಗೆಳೆಯರಿಗೆ, ಮೇಷ್ಟ್ರುಗಳಿಗೆ ನಾವು ಹೇಳುವುದು ಎರಡು ಮಾತು. ಬರೆಯಲು ಕೂತಾಗ ನಿಮ್ಮ ಮಿತಿಯನ್ನು ನೀವೇ ಹಾಕಿಕೊಳ್ಳಿ. ಇವತ್ತು ಒಂದು ಸ್ಲೇಟಿನಷ್ಟೇ, ಒಂದು ಪಿರಿಯಡ್ಡಿನೊಳಗೇ, ಅಂತ ಮಕ್ಕಳಿಗೆ ಹೇಳಿ ಅವರ ಊರಿನ ಒಂದು ಸಂಗತಿ ಬರೆಸಿ ನೋಡಿ. ಬೇಡದ್ದು ತಾನಾಗಿ ಉದುರುತ್ತದೆ. ಇದು ಕಸುಬಿನ ಮಿತಿ. ಇದನ್ನು ಪ್ರೀತಿಸಿ. ಆದರೆ ಅದೇ ಮಗು ಸ್ಲೇಟೇ ಇಲ್ಲದೆ ಬಂದಿದ್ದರೆ, ಬೆಳಗಿನಿಂದ ಉಂಡಿಲ್ಲದಿದ್ದರೆ, ಕೊಡದ ನೀರು ಮುಟ್ಟಬೇಡ ಅಂತ ಯಾರೋ ಅಂದಿದ್ದರೆ, ಅದು ಇನ್ನೊಂದು ಮಿತಿ. ಅದರಿಂದ ಕಾವ್ಯ ಹುಟ್ಟುತ್ತದೆ ಅನ್ನುವವರ ಮಾತು ಕೇಳಬೇಡಿ. ಅದರ ನಡುವೆಯೂ ಕಾವ್ಯ ಹುಟ್ಟಿದ್ದು ನಮ್ಮ ಜನರ ಗಟ್ಟಿತನ. ಅದರಿಂದಾಗಿ ಹುಟ್ಟದೇ ಹೋದದ್ದು ಎಷ್ಟೋ, ಲೆಕ್ಕ ಇಟ್ಟವರು ಯಾರು?

ಇನ್ನೊಮ್ಮೆ ಆ ಹಿರಿಯರು ಹೆಗಲ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದರೆ ನಾವು ತಲೆಯಾಡಿಸುವುದಿಲ್ಲ. ಕೂತುಕೊಳ್ಳಿ ಅಣ್ಣಾ, ಟೀ ಕುಡಿಯಿರಿ ಅಂತ ಹೇಳಿ, ಬೆಸ್ಸಿ ಸ್ಮಿತ್‌ಳ ಸಮಾಧಿಗೆ 33 ವರ್ಷ ಕಲ್ಲಿರಲಿಲ್ಲ ಎಂಬ ಸಂಗತಿಯಿಂದ ಮಾತು ಶುರು ಮಾಡುತ್ತೇವೆ.